ಬ್ಯಾಟರಾಯಪ್ಪನವರು ಚಾರ್ಜ್ ತೆಗೆದುಕೊಂಡದ್ದು

ತುಮಕೂರು ಜಿಲ್ಲಾ ಸಣ್ಣಪುಟ್ಟ ದುರಸ್ತಿ ನಿಗಮದ ನೌಕರರಾದ ಶ್ರೀ ಬ್ಯಾಟರಾಯಪ್ಪನವರು ಕುಣಿಗಲ್ ಘಟಕದಲ್ಲಿ ಸಕಾಲಕ್ಕೆ ಚಾರ್ಜ್ ತೆಗೆದುಕೊಳ್ಳದ ಕಾರಣ, ಗುಬ್ಬಿಯ ಬಾಲಕಿಯರ ವಿದ್ಯಾರ್ಥಿನಿಲಯದ ಬಚ್ಚಲುಮನೆಗೆ ಈವರೆಗೆ ಚಿಲಕ ಕೂತಿಲ್ಲ. ಇದು ನಿಗಮದ ಅಧಿಕೃತ ನಿಲುವು. ನಿಗಮದ ಪ್ರಕಟಣೆಗಳನ್ನು ಬರೆಯುವವನು ನಾನೇ ಆದ್ದರಿಂದ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಾನು ಸುಳ್ಳು ಬರೆಯುವವನಲ್ಲ. ನಾನು ಬರೆದದ್ದಕ್ಕೆ ಮೊಹರು ಬಿದ್ದ ಮೇಲೆ ಅದು ನಿಜವಾಗುತ್ತದೆ, ಅಷ್ಟೆ.

ಬ್ಯಾಟರಾಯಪ್ಪನವರ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಅವರದು ಕಪ್ಪು ಮೈ, ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚಿನ ತೂಕ, ಬೆನ್ನ ಮೇಲೆ ಮೂರು ಪುಟ್ಟ ದೀಪ. ಹುಟ್ಟಿನಿಂದ ಅವರು ಡ್ರಿಲ್ ಮಷಿನ್ನಿನ ಬ್ಯಾಟರಿ. ನೌಕರರಾದದ್ದು ಆಮೇಲೆ. ಅದು ಹೇಗಾಯಿತೆಂದು ಕ್ರಮವಾಗಿ ಹೇಳುತ್ತೇನೆ.

ಜಿಲ್ಲೆಯ ಹಾಸ್ಟೆಲುಗಳಲ್ಲಿ ಕಿತ್ತುಹೋದ ಕೊಕ್ಕೆ, ಅಗುಳಿ, ನಲ್ಲಿಗಳನ್ನು ಸರಿಪಡಿಸುವುದು ನಮ್ಮ ನಿಗಮದ ಕೆಲಸ. ಇದಕ್ಕಾಗಿ ತುಮಕೂರಿನಲ್ಲಿ ಮೂರಂತಸ್ತಿನ ಕಚೇರಿ ಇದೆ. ಅದರ ಲಿಫ್ಟು ಕೆಟ್ಟಿದೆ. ಲಿಫ್ಟು ಸಣ್ಣಪುಟ್ಟದ್ದಲ್ಲವಾದ್ದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ನಾವು ಮೆಟ್ಟಿಲು ಹತ್ತುತ್ತೇವೆ. ಎರಡು ವರ್ಷದ ಕೆಳಗೆ ನಿಗಮ ವೈರಿಲ್ಲದ ಡ್ರಿಲ್ ಮಷಿನ್ ಒಂದನ್ನು ಕೊಂಡಿತು. ಮಷಿನ್ನು, ಬ್ಯಾಟರಿ, ಚಾರ್ಜರ್ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ ಬಂದವು. ಗುಬ್ಬಿ ಘಟಕದವರು ನಮಗೆ ಬೇಕು ಅಂದರು, ಕುಣಿಗಲ್ ಘಟಕದವರು ನಮಗೆ ಬೇಕು ಅಂದರು. ಪ್ರಾದೇಶಿಕ ಸಮತೋಲನದ ದೃಷ್ಟಿಯಿಂದ ಮಷಿನ್ನು ಮತ್ತು ಬ್ಯಾಟರಿಯನ್ನು ಗುಬ್ಬಿಗೆ, ಚಾರ್ಜರನ್ನು ಕುಣಿಗಲ್ಲಿಗೆ ಹಂಚಲಾಯಿತು. ಖಾಲಿ ಪೆಟ್ಟಿಗೆ ತುಮಕೂರಿನಲ್ಲೇ ಉಳಿಯಿತು, ಸೂಪರಿಂಟೆಂಡೆಂಟ್ ಸೋಮಶೇಖರ್ ಅವರ ಊಟದ ಡಬ್ಬಿ ಈಗ ಅದರಲ್ಲಿ ಬರುತ್ತದೆ. ಗುಬ್ಬಿಯ ಮೆಕ್ಯಾನಿಕ್ ಸಂಗಮೇಶ್, ಬ್ಯಾಟರಿ ಇಳಿದಾಗಲೆಲ್ಲ ಅದನ್ನು ಬ್ಯಾಗಿಗೆ ಹಾಕಿಕೊಂಡು ತುಮಕೂರಿನ ಮೇಲೆ ಕುಣಿಗಲ್ಲಿಗೆ ಬಸ್ಸಿನಲ್ಲಿ ಹೋಗಿ ಚಾರ್ಜ್ ಮಾಡಿಸಿಕೊಂಡು ಬರುತ್ತಿದ್ದರು. ಪ್ರಯಾಣ ಭತ್ಯೆ ಸಿಗುತ್ತಿದ್ದರಿಂದ ಅವರದೇನೂ ತಕರಾರಿರಲಿಲ್ಲ.

ಹೀಗಿರುವಾಗ ಗುಬ್ಬಿಯ ಬಾಲಕಿಯರ ಹಾಸ್ಟೆಲಿನ ಬಚ್ಚಲುಮನೆಯ ಚಿಲಕ ಕಿತ್ತುಬಂತು. ವಾರ್ಡನ್ ಗಂಗಾಂಬಿಕೆಯವರು ಹೊಸ ಚಿಲಕವನ್ನೇನೋ ತಂದಿಟ್ಟರು. ಆದರೆ ಬಾಗಿಲುವಾಡ ಕಾಂಕ್ರೀಟಿನದು, ತೂತು ಕೊರೆಯದೆ ಸ್ಕ್ರೂ ಕೂರುವುದಿಲ್ಲ. ಪೇಟೆಯಿಂದ ಯಾರನ್ನಾದರೂ ಕರೆಸಿ ಕೊರೆಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹೊರಗಿನವರು ಸರ್ಕಾರಿ ಗೋಡೆಗೆ ಮಾಡಿದ್ದು ಅನಧಿಕೃತ ರಂಧ್ರ. ಹಿಂದೊಮ್ಮೆ ಕನ್ನಡಿ ತೂಗುಹಾಕಲು ಗಂಗಾಂಬಿಕೆಯವರು ಅಂಥದ್ದೊಂದನ್ನು ಮಾಡಿಸಿದ್ದಕ್ಕೆ ನಿಗಮವು ಅವರ ಬಡ್ತಿ ತಡೆದು, ರಂಧ್ರ ಮುಚ್ಚಿಸಿ, ಮುಚ್ಚಿದ್ದು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಒಂದು ತಂಡವನ್ನು ಕಳಿಸಿತ್ತು. ಆ ಕನ್ನಡಿ ಈಗ ನೆಲದ ಮೇಲಿದೆ, ಹುಡುಗಿಯರು ಕುಕ್ಕರಗಾಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಾರೆ.

ಚಿಲಕ ಹೋದ ಮೇಲೆ ಒಬ್ಬಳು ಒಳಗೆ ಸ್ನಾನ ಮಾಡುವುದು, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿಯುವುದು ಎಂದಾಯಿತು. ಒಂದು ಬೆಳಿಗ್ಗೆ ಬಾಗಿಲು ಹಿಡಿದವಳು ತಿಂಡಿಯ ಗಂಟೆ ಕೇಳಿ ಓಡಿದಳು. ನೀರಿನ ಟ್ಯಾಂಕರಿನವನು ಪೈಪು ಹಿಡಿದು ತೊಟ್ಟಿ ಹುಡುಕುತ್ತಾ ಬಂದು ಬಾಗಿಲು ತಳ್ಳಿದ. ಒಳಗೆ ಹತ್ತನೇ ತರಗತಿಯ ಇಂಪನಾ ಇದ್ದಳು. ಅವನು ‘ಅಯ್ಯೋ ತಾಯಿ’ ಎಂದು ಹಿಂದಕ್ಕೆ ಹಾರಿ, ಪೈಪನ್ನೂ ಬಿಟ್ಟು ಹೋದ. ಅಂದಿನಿಂದ ಇಂಪನಾ ಹಾಸ್ಟೆಲಿನಲ್ಲಿ ಮೈಗೆ ನೀರು ಹಾಕಿಕೊಳ್ಳುವುದನ್ನೇ ಬಿಟ್ಟು, ಶನಿವಾರ ಚೇಳೂರು ಕಡೆಯ ತನ್ನ ಹಳ್ಳಿಗೆ ಹೋಗಿ ಸ್ನಾನ ಮಾಡಿ ಬರತೊಡಗಿದಳು. ಗುರುವಾರ, ಶುಕ್ರವಾರ ಬಂತೆಂದರೆ ಅವಳ ಬೆಂಚಿನ ಹುಡುಗಿಯರು ಸ್ವಲ್ಪ ಸರಿದು ಕೂರುತ್ತಿದ್ದರಂತೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೆ ಪ್ರಕಟಣೆಯಲ್ಲಿ ಸಂಕಟಕ್ಕೆ ಜಾಗವಿಲ್ಲ.

ಅವಳ ಅಪ್ಪ ಯಲ್ಲಯ್ಯ ಒಂದು ದಿನ ಬಂದು ಗೇಟಿನಲ್ಲೇ ನಿಂತು ಗಂಗಾಂಬಿಕೆಯವರಿಗೆ ಹೇಳಿ ಹೋದರು. ‘ದಸರಾ ರಜ ಮುಗಿಯೋ ವೊತ್ಗೆ ಚಿಲ್ಕ ಹಾಕ್ಸಿದ್ರೆ ನಮ್ ಮಗು ಬತ್ತದೆ ಮೇಡಮ್ಮೋರೆ. ಇಲ್ಲ ಅಂದ್ರೆ ಬುಡಿ, ಮನೇಲೇ ಇರ್ಲಿ.’ ಇಂಪನಾ ಓದುವ ಹುಡುಗಿ. ಹಾಕಿಸಿಯೇ ಹಾಕಿಸುತ್ತೇನೆಂದು ಗಂಗಾಂಬಿಕೆಯವರು ಮಾತು ಕೊಟ್ಟರು.

ಸಂಗಮೇಶ್ ಮಷಿನ್ನು ತಂದು ಬಾಗಿಲುವಾಡಕ್ಕೆ ಒತ್ತಿದರು. ಅದು ಗುರ್ ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಬ್ಯಾಟರಿಯ ಗುಂಡಿ ಒತ್ತಿದರೆ ಮೂರು ದೀಪದಲ್ಲಿ ಒಂದು ಮಾತ್ರ ಕೆಂಪಗೆ ಮಿಣಕ್ ಮಿಣಕ್ ಅಂದಿತು. ಸಂಗಮೇಶ್ ಅದನ್ನು ಕಳಚಿ ಬಾಯಲ್ಲಿ ಊದಿದರು, ಹಿತ್ತಾಳೆ ಪಟ್ಟಿಗಳನ್ನು ಅಂಗಿಯಲ್ಲಿ ಒರೆಸಿದರು, ಯಾರದೋ ರಬ್ಬರು ಇಸಿದುಕೊಂಡು ಉಜ್ಜಿದರು. ಟಾರ್ಚಿನ ಸೆಲ್ಲಿಗೆ ಮಾಡುವ ಹಾಗೆ ಬಿಸಿಲಿಗಿಟ್ಟರು. ಎರಡು ಸಲ ತಟ್ಟಿದರು. ಗಂಗಾಂಬಿಕೆಯವರು ಯಾವುದಕ್ಕೂ ಇರಲಿ ಎಂದು ಒಂದು ಚಿಟಿಕೆ ವಿಭೂತಿ ಹಚ್ಚಿದರು. ಏನೂ ಆಗಲಿಲ್ಲ. ಕೊನೆಗೆ ಸಂಗಮೇಶ್ ಬ್ಯಾಟರಿಯನ್ನು ಕುಣಿಗಲ್ಲಿಗೆ ಹೊತ್ತರು. ಅಲ್ಲಿ ಚಾರ್ಜರಿನ ಉಸ್ತುವಾರಿ ಲಕ್ಷ್ಮೀಕಾಂತ್ ಎಂಬವರದು. ಚಾರ್ಜರಿಗೆ ಕೂರಿಸಿದರೆ ಹಸಿರು ದೀಪದ ಬದಲು ಕೆಂಪು ದೀಪ ಹೊಡೆದುಕೊಳ್ಳತೊಡಗಿತು. ಸ್ವಿಚ್ಚು ಬದಲಾಯಿಸಿ ನೋಡಿದರು. ಬಿಸಿಯಾಗಿದ್ದರೆ ಆರಲಿ ಎಂದು ಕೆರೆ ಏರಿಯ ಗಾಳಿಗೆ ಇಟ್ಟುಕೊಂಡು ಕೂತರು. ರಾತ್ರಿಯೆಲ್ಲಾ ಹಾಗೇ ಹಾಕಿಟ್ಟರು. ಬೆಳಿಗ್ಗೆಯೂ ಕೆಂಪೇ. ಚಾರ್ಜರು ತಮ್ಮ ಸುಪರ್ದಿನಲ್ಲಿ ಇರುವುದರಿಂದ ಅದರಲ್ಲಿ ದೋಷ ಇರುವುದು ಸಾಧ್ಯವೇ ಇಲ್ಲ ಎಂದು ಲಕ್ಷ್ಮೀಕಾಂತ್ ತೀರ್ಮಾನ ಕೊಟ್ಟರು.

ಆಗ ಸಂಗಮೇಶ್ ಕುಣಿಗಲ್ ಬಸ್‌ಸ್ಟ್ಯಾಂಡಿನಿಂದ ತುಮಕೂರಿಗೆ, ಸೋಮಶೇಖರ್ ಅವರಿಗೆ ಫೋನು ಮಾಡಿದರು. ಇಬ್ಬರೂ ಗೂಳೂರಿನವರು, ಒಂದೇ ಕೇರಿ. ಹಾಗಾಗಿ ಅವರ ಮಾತಿನಲ್ಲಿ ಸಾರ್ ಜೊತೆಗೆ ಅಪ್ಪನೂ ಬಂದು ಹೋಗುತ್ತಾನೆ. ಚಿಲಕದ ಕೆಲಸ ಯಾರಿಂದ ತಡ ಎಂದು ಸೋಮಶೇಖರ್ ಕೇಳಿದರು.

‘ಬ್ಯಾಟ್ರಿಯಪ್ಪ ಸಾರ್. ಕುಣಿಗಲ್‌ಗೆ ತಂದ್ ಬಿಟ್ಟಿದೀನಿ, ಚಾರ್ಜೇ ತಗೊಳ್ತಿಲ್ಲ.’

ಸೋಮಶೇಖರ್ ಅವರ ಮನೆದೇವರು ಬ್ಯಾಟರಾಯಸ್ವಾಮಿ. ಅವರ ತಾತನ ಹೆಸರು ಬ್ಯಾಟರಾಯಪ್ಪ. ಬಸ್ಸುಗಳ ಹಾರನ್ನಿನ ನಡುವೆ ಅವರಿಗೆ ಕೇಳಿಸಿದ್ದು ಅದೇ ಹೆಸರು.

‘ಯಾಕಂತೆ? ಕಾರಣ ಏನ್ ಹೇಳ್ತಾನೆ?’

‘ಏನ್ ಹೇಳೋದು ಸಾರ್. ಕೆಂಪ್‌ಗೆ ಕಣ್ ಬಿಡೋದು, ಮುಚ್ಚೋದು, ಅಷ್ಟೇಯ.’

‘ಕುಡ್ದಿದಾನೇನೋ?’

‘ರಾತ್ರಿಯೆಲ್ಲಾ ಹಾಕಿದೀವಿ ಸಾರ್, ಏರ್ತಾನೇ ಇಲ್ಲ.’

ಸೋಮಶೇಖರ್ ಫೋನಿಟ್ಟರು. ಅವರನ್ನೂ ಒಂದು ಕಾಲದಲ್ಲಿ ಕುಣಿಗಲ್ಲಿಗೆ ವರ್ಗ ಮಾಡಿದ್ದರು. ಆಗತಾನೆ ಮದುವೆಯಾಗಿತ್ತು, ತುಮಕೂರಿನಲ್ಲಿ ಮನೆ ಮಾಡಿದ್ದರು, ಆದರೂ ತುಟಿ ಪಿಟಕ್ಕೆನ್ನದೆ ಹೋಗಿ ಚಾರ್ಜ್ ತೆಗೆದುಕೊಂಡಿದ್ದರು. ಈಗಿನವರಿಗೆ ಇಷ್ಟು ಸೊಕ್ಕೇ ಎಂದು ಅವರಿಗೆ ಒಳಗೇ ಉರಿಯಿತು. ನನ್ನನ್ನು ಕರೆದು ಬರೆಸಿದರು. ನಾನು ಬರೆದೆ:

‘ಗುಬ್ಬಿ ಘಟಕದ ನೌಕರರಾದ ಶ್ರೀ ಬ್ಯಾಟರಾಯಪ್ಪ ಇವರು ಕುಣಿಗಲ್ ಘಟಕಕ್ಕೆ ಹೋಗಿಯೂ ಚಾರ್ಜ್ ತೆಗೆದುಕೊಳ್ಳದೆ, ರಾತ್ರಿಯಿಡೀ ಪಾನಸೇವನೆ ಮಾಡಿ, ಕಾರಣ ಕೇಳಿದ ಸಹೋದ್ಯೋಗಿಗಳಿಗೆ ಕೆಂಗಣ್ಣು ಬಿಟ್ಟಿರುವುದು ನೌಕರರ ನಡತೆಗೆ ತಕ್ಕುದಲ್ಲ. ಆದ್ದರಿಂದ ಇವರನ್ನು ಈ ಕೂಡಲೇ ಜಾರಿಗೆ ಬರುವಂತೆ ಅಮಾನತಿನಲ್ಲಿಡಲಾಗಿದೆ. ಅಮಾನತಿನ ಅವಧಿಯಲ್ಲಿ ಇವರು ಕೇಂದ್ರಸ್ಥಾನವಾದ ಗುಬ್ಬಿಯನ್ನು ಬಿಟ್ಟು ತೆರಳತಕ್ಕದ್ದಲ್ಲ.’

ಆದೇಶಕ್ಕೆ ವ್ಯವಸ್ಥಾಪಕ ನಿರ್ದೇಶಕರ ಸಹಿ ಬಿತ್ತು. ಆಮೇಲೆ ಬ್ಯಾಟರಾಯಪ್ಪನವರ ಸೇವಾ ಪುಸ್ತಕ ಹುಡುಕಿದರು. ಅಂಥ ಹೆಸರಿನ ಸೇವಾ ಪುಸ್ತಕವೇ ಕಚೇರಿಯಲ್ಲಿ ಇರಲಿಲ್ಲ. ಇದರಿಂದ ಅವರು ತಮ್ಮ ಸೇವಾ ಪುಸ್ತಕವನ್ನೂ ಎಗರಿಸಿರುವುದು ಸ್ಪಷ್ಟವಾಯಿತು, ಅದನ್ನೂ ಆರೋಪಕ್ಕೆ ಸೇರಿಸಲಾಯಿತು. ಎತ್ತು ಈಯ್ತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ ಎಂಬ ಗಾದೆ ನಮ್ಮ ಕಡೆ ಇದೆ. ನಮ್ಮ ನಿಗಮದಲ್ಲಿ ಕೊಟ್ಟಿಗೆ ಕಟ್ಟಲು ಟೆಂಡರನ್ನೂ ಕರೆಯುತ್ತೇವೆ.

ಬ್ಯಾಟರಾಯಪ್ಪನನ್ನು ಹಾಜರುಪಡಿಸು ಎಂದು ಸಂಗಮೇಶ್‌ಗೆ ಬುಲಾವ್ ಹೋಯಿತು. ಅವರು ಬಂದು ಬ್ಯಾಗಿನಿಂದ ಬ್ಯಾಟರಿ ತೆಗೆದು ಸೋಮಶೇಖರ್ ಅವರ ಮೇಜಿನ ಮೇಲಿಟ್ಟರು. ನಾನು ಅಲ್ಲೇ ಇದ್ದೆ. ಸೋಮಶೇಖರ್ ಅದನ್ನು ನೋಡಿದರು, ಆದೇಶದ ಮೇಲಿನ ಸಹಿಯನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಅವರಿಗೆ ಅರ್ಥವಾದದ್ದು ನನಗೆ ಗೊತ್ತಾಯಿತು. ಈಗ ಅವರಿಗೆ ಎರಡು ದಾರಿ ಇದ್ದವು. ತಪ್ಪು ತಮ್ಮದೆಂದು ಸಾಹೇಬರ ಮುಂದೆ ಒಪ್ಪಿಕೊಳ್ಳುವುದು ಒಂದು. ಬ್ಯಾಟರಿಯನ್ನು ಬ್ಯಾಟರಾಯಪ್ಪನೆಂದು ಒಪ್ಪಿಕೊಳ್ಳುವುದು ಇನ್ನೊಂದು. ಸೋಮಶೇಖರ್ ಹಳೆಯ ನೌಕರರು.

‘ಬಂದವ್ರಲ್ಲ, ಸರಿ,’ ಅಂದರು. ‘ಕುರ್ಚಿ ಮೇಲೆ ಕೂರ್ಸು. ಮೇಜಿನ ಮೇಲೆ ಕೂತ್ರೆ ಅದೂ ಒಂದು ಆರೋಪ ಆಗುತ್ತೆ.’

ಹೊಸ ಸೇವಾ ಪುಸ್ತಕ ತೆರೆದರು. ಹುಟ್ಟಿದ ದಿನವನ್ನು ಹೊಟ್ಟೆಯ ಕೆಳಗಿನ ಸ್ಟಿಕ್ಕರಿನಿಂದ ಬರೆದುಕೊಂಡರು. ಲಿಂಗದ ಎದುರು ‘ಪು’ ಎಂದು ಹಾಕಿದರು.

ವಿಚಾರಣೆಗೆ ನಿವೃತ್ತ ಅಧಿಕಾರಿ ವೆಂಕಟರಂಗಯ್ಯನವರನ್ನು ನೇಮಿಸಲಾಯಿತು. ಅವರಿಗೆ ಒಂದೊಂದು ಬೈಠಕ್ಕಿಗೂ ಗೌರವಧನ ಇರುವುದರಿಂದ ಅವರು ಯಾವ ವಿಚಾರಣೆಯಲ್ಲೂ ಅವಸರ ಮಾಡಿದವರಲ್ಲ. ಬ್ಯಾಟರಾಯಪ್ಪನವರ ಪರವಾಗಿ ಮಾತಾಡಲು ಸಂಗಮೇಶ್‌ಗೆ ಅವಕಾಶ ಕೊಟ್ಟರು. ಮೊದಲು ಆರೋಪಿಯನ್ನೇ ಮೂರು ಸಲ ಹೆಸರು ಹಿಡಿದು ಕರೆದರು. ಉತ್ತರ ಬರಲಿಲ್ಲ. ಸಂಗಮೇಶ್ ಗುಂಡಿ ಒತ್ತಿದಾಗ ಕೆಂಪು ದೀಪ ಮಿಣುಕಿತು. ನನ್ನ ಎದುರಿಗೇ ಕೆಂಗಣ್ಣು ಬಿಟ್ಟ ಎಂದು ವೆಂಕಟರಂಗಯ್ಯನವರು ಬರೆಸಿದರು.

‘ಅದ್ರೊಳ್ಗೆ ಐದು ಸೆಲ್ ಇರ್ತವೆ ಸಾರ್,’ ಎಂದು ಸಂಗಮೇಶ್ ಬಿಡಿಸಿ ಹೇಳಿದರು. ‘ನಾಲ್ಕ್ ಚೆನ್ನಾಗವೆ. ಒಂದ್ ಸೆಲ್ ಸತ್ತೋಗಿರೋ ಹಂಗೈತೆ. ಒಂದ್ ಸತ್ರೆ ಎಲ್ಲಾ ನಿಂತೋಯ್ತದೆ.’

ವೆಂಕಟರಂಗಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಈ ನಿಗಮದಲ್ಲಿ ಕುಂದುಕೊರತೆ ಸೆಲ್ಲಿದೆ, ಗುಣಮಟ್ಟದ ಸೆಲ್ಲಿದೆ, ಮಹಿಳಾ ಸುರಕ್ಷತಾ ಸೆಲ್ಲಿದೆ. ನಾನು ಸರ್ವೀಸಿಗೆ ಸೇರಿದಾಗಿಂದ ಎಲ್ಲಾ ಸತ್ತೇ ಇವೆ. ಯಾರಿಗಾದ್ರೂ ಸಂಬಳ ನಿಂತಿದೆಯೇನಯ್ಯ? ಇವನಿಗೆ ಒಂದು ಸತ್ತಿದ್ದಕ್ಕೆ ಕೆಲಸ ನಿಲ್ಲಿಸೋ ಅಷ್ಟು ದರ್ಪವಾ?’

ಆ ಒಂದು ಸೆಲ್ಲನ್ನು ಬದಲಾಯಿಸಿದರೆ ಸಾಕು, ತುಮಕೂರಿನಲ್ಲೇ ಮಾಡಿಕೊಡುವವರಿದ್ದಾರೆ ಎಂದು ಸಂಗಮೇಶ್ ಕೇಳಿಕೊಂಡರು. ಹೊಸ ಸೆಲ್ ರಚಿಸಲು ಸರ್ಕಾರದ ಪೂರ್ವಾನುಮತಿ ಬೇಕು, ಅಲ್ಲದೆ ಅಮಾನತಿನಲ್ಲಿ ಇರುವ ನೌಕರ ಕೇಂದ್ರಸ್ಥಾನ ಬಿಟ್ಟು ರಿಪೇರಿಗೆ ಹೋಗುವಂತಿಲ್ಲ ಎಂದು ವೆಂಕಟರಂಗಯ್ಯನವರು ಮುಂದಿನ ಬೈಠಕ್ಕಿನ ದಿನ ಹಾಕಿದರು.

ಅಮಾನತಾದ ನೌಕರನಿಗೆ ಹೊಟ್ಟೆಪಾಡಿಗೆಂದು ಅರ್ಧ ಸಂಬಳ ಕೊಡಬೇಕು. ಬ್ಯಾಟರಾಯಪ್ಪನವರಿಗೆ ಕೈ ಇಲ್ಲದ್ದರಿಂದ ಅವರ ಪರವಾಗಿ ಸಂಗಮೇಶ್ ಸಹಿ ಹಾಕಿ ಹಣ ತೆಗೆದುಕೊಳ್ಳುವುದೆಂದಾಯಿತು. ಅದರಲ್ಲಿ ಒಂದು ಪಾಲು ಸೋಮಶೇಖರ್ ಅವರಿಗೂ ಹೋಗುತ್ತಿತ್ತು. ಪ್ರಕಟಣೆ ಬರೆಯುವ ನನಗೂ ಹಬ್ಬಕ್ಕೊಂದು ಸಿಹಿ ಡಬ್ಬಿ ಬಂತು, ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿಗೆ ಸೆಲ್ ಬದಲಾಯಿಸುವ ಮಾತನ್ನು ಸಂಗಮೇಶ್ ನಿಲ್ಲಿಸಿದರು. ಹೊಸ ಬೈಕು ಕೊಂಡರು. ಗಂಗಾಂಬಿಕೆಯವರು ಕೇಳಲು ಹೋದಾಗ ಬ್ಯಾಟರಾಯಪ್ಪನವರು ಗುಬ್ಬಿ ಘಟಕದಲ್ಲಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲಿದ್ದರು. ‘ಹುಷಾರಿಲ್ಲ ಮೇಡಂ ಅವ್ರಿಗೆ. ನಿಧಾನಕ್ಕೆ ಗುಣ ಆಯ್ತದೆ,’ ಎಂದು ಸಂಗಮೇಶ್ ಮೆಲ್ಲಗೆ ಹೇಳಿದರು.

ದಸರಾ ರಜ ಬಂತು. ಎಲ್ಲಾ ಹುಡುಗಿಯರೂ ಟ್ರಂಕುಗಳನ್ನು ಹಾಸ್ಟೆಲಿನಲ್ಲೇ ಬಿಟ್ಟು ಊರಿಗೆ ಹೋದರು. ಇಂಪನಾ ತನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಹೋದಳು. ಗಂಗಾಂಬಿಕೆಯವರು ಅದನ್ನು ನೋಡಿದರು.

ಮಾರನೇ ದಿನ ಸಂಗಮೇಶ್ ಟೀ ಕುಡಿಯಲು ಹೋದ ಹೊತ್ತಿಗೆ ಗಂಗಾಂಬಿಕೆಯವರು ಘಟಕದೊಳಗೆ ಹೋಗಿ ಬ್ಯಾಟರಾಯಪ್ಪನವರನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಒಬ್ಬ ವಾರ್ಡನ್ ಇಂಥ ಕೆಲಸ ಮಾಡಬಹುದೆಂದು ನಿಗಮದಲ್ಲಿ ಯಾರೂ ಊಹಿಸಿರಲಿಲ್ಲ, ಹಾಗಾಗಿ ಇದಕ್ಕೆ ನಿಯಮವೂ ಇರಲಿಲ್ಲ. ತುಮಕೂರಿನ ಒಂದು ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿ, ಮೀಟರು ಹಚ್ಚಿ ನೋಡಿದರು. ಐದರಲ್ಲಿ ಒಂದು ಸೆಲ್ ನಿಜಕ್ಕೂ ಸತ್ತಿತ್ತು. ಬೇರೆಯದು ಹಾಕಿ ಬೆಸೆದು ಕೊಟ್ಟರು. ಯಾವ ಅನುಮತಿಯನ್ನೂ ಕೇಳಲಿಲ್ಲ, ಖಾಸಗಿಯವರಿಗೆ ಶಿಸ್ತು ಕಡಿಮೆ. ಗಂಗಾಂಬಿಕೆಯವರು ಅಲ್ಲಿಂದ ನೇರ ಕುಣಿಗಲ್ಲಿಗೆ ಹೋದರು. ಲಕ್ಷ್ಮೀಕಾಂತ್ ಬ್ಯಾಟರಿಯನ್ನು ಚಾರ್ಜರಿಗೆ ಕೂರಿಸಿದರು. ಈ ಸಲ ಹಸಿರು ದೀಪ ಬಂತು, ಬ್ಯಾಟರಿಯ ಬೆನ್ನ ಮೇಲಿನ ಮೂರೂ ದೀಪ ಹತ್ತಿದವು. ಗಂಗಾಂಬಿಕೆಯವರಿಗೆ ಕಣ್ಣಲ್ಲಿ ನೀರೇ ಬಂತು.

ಲಕ್ಷ್ಮೀಕಾಂತ್ ಕರ್ತವ್ಯನಿಷ್ಠರು. ತಕ್ಷಣ ತುಮಕೂರಿಗೆ ಫೋನು ಮಾಡಿ, ಬ್ಯಾಟರಾಯಪ್ಪನವರು ಕುಣಿಗಲ್ಲಿನಲ್ಲಿ ಚಾರ್ಜ್ ತೆಗೆದುಕೊಂಡರು ಎಂದು ತಿಳಿಸಿಬಿಟ್ಟರು.

ಅಮಾನತು ಆ ಕ್ಷಣಕ್ಕೇ ರದ್ದಾಯಿತು. ಅರ್ಧ ಸಂಬಳ ನಿಂತು ಪೂರ್ತಿ ಸಂಬಳ ಶುರುವಾದ್ದರಿಂದ ಬೇಸರಪಟ್ಟುಕೊಳ್ಳಲು ಯಾರಿಗೂ ಕಾರಣವಿರಲಿಲ್ಲ, ಪಾಲಿಗೆ ಲಕ್ಷ್ಮೀಕಾಂತ್ ಒಬ್ಬರು ಸೇರಿದರು ಅಷ್ಟೆ. ಆದರೆ ಕುಣಿಗಲ್ಲಿನಲ್ಲಿ ಚಾರ್ಜ್ ತೆಗೆದುಕೊಂಡವರು ಕುಣಿಗಲ್ಲಿನ ನೌಕರರು. ಅವರು ಗುಬ್ಬಿಗೆ ಬಂದು ಕೆಲಸ ಮಾಡುವುದು ಹೇಗೆ? ಗಂಗಾಂಬಿಕೆಯವರು ತುಮಕೂರಿಗೆ ಬಂದು ಮೂರಂತಸ್ತು ಹತ್ತಿ ಸೋಮಶೇಖರ್ ಅವರ ಮುಂದೆ ನಿಂತರು. ಅವರಿಗೆ ಏದುಸಿರು ಬರುತ್ತಿತ್ತು.

‘ಒಂದು ದಿನದ ಮಟ್ಟಿಗೆ ಓಓಡಿ ಮೇಲೆ ಕಳ್ಸಿಕೊಡಿ ಸಾರ್. ನಾಲ್ಕೇ ತೂತು. ಆ ಹುಡುಗಿ ಎಸ್ಸೆಲ್ಸಿ ಸಾರ್ ಈ ವರ್ಷ.’

ಅವರು ಬ್ಯಾಟರಿ ಎನ್ನದೆ ಬ್ಯಾಟರಾಯಪ್ಪನವರು ಎಂದೇ ಅರ್ಜಿಯಲ್ಲಿ ಬರೆದಿದ್ದರಿಂದ ಸೋಮಶೇಖರ್ ಅವರಿಗೆ ಸಂತೋಷವಾಯಿತು. ಒಂದು ದಿನದ ಅನ್ಯಕರ್ತವ್ಯಕ್ಕೆ ಮಂಜೂರಾತಿ ಕೊಟ್ಟರು. ಗಂಗಾಂಬಿಕೆಯವರು ಯಲ್ಲಯ್ಯನವರಿಗೆ ಫೋನು ಮಾಡಿ, ರಜ ಮುಗಿಯುವ ದಿನ ಹುಡುಗಿಯನ್ನು ಕರೆತನ್ನಿ, ಅವತ್ತೇ ಚಿಲಕ ಕೂರುತ್ತದೆ ಎಂದರು.

ಆ ದಿನ ನಾವೆಲ್ಲರೂ ಹಾಸ್ಟೆಲಿನ ಗೇಟಿನಲ್ಲಿ ಸೇರಿದೆವು. ಯಲ್ಲಯ್ಯ ಮಗಳನ್ನೂ ಟ್ರಂಕನ್ನೂ ಬಿಟ್ಟು, ಮೇಡಮ್ಮೋರ ಮಾತಿನ ಮೇಲೆ ನಂಬಿಕೆ ಇಟ್ಟು ಬಸ್ಸಿಗೆ ಹೋದರು. ಸಂಗಮೇಶ್ ಮಷಿನ್ನು ಹಿಡಿದಿದ್ದರು. ಲಕ್ಷ್ಮೀಕಾಂತ್ ಬ್ಯಾಟರಾಯಪ್ಪನವರನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಒಳಗೆ ಕಾಲಿಡುವಷ್ಟರಲ್ಲಿ ಸೋಮಶೇಖರ್ ಎಲ್ಲರನ್ನೂ ತಡೆದರು. ಟ್ಯಾಂಕರಿನ ಪ್ರಕರಣವಾದ ಮೇಲೆ ನಿಗಮ ಕೈಕಟ್ಟಿ ಕೂತಿರಲಿಲ್ಲ, ಹೆಣ್ಣುಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಪುರುಷ ನೌಕರರು ಬಾಲಕಿಯರ ಹಾಸ್ಟೆಲಿನ ಒಳಗೆ ಹೋಗಬಾರದೆಂದು ಈಚೆಗಷ್ಟೇ ಆದೇಶ ಹೊರಡಿಸಿತ್ತು. ಸಂಗಮೇಶ್ ಹಿಂದೆ ಸರಿದು ಮಷಿನ್ನನ್ನು ಗಂಗಾಂಬಿಕೆಯವರ ಕೈಗೆ ಕೊಟ್ಟರು. ಮಷಿನ್ನು ನೌಕರನಲ್ಲ, ಅದು ಹೋಗಬಹುದು. ನಾನೇ ಕೊರೆಯುತ್ತೇನೆ, ಬ್ಯಾಟರಿ ಕೊಡಿ ಎಂದು ಗಂಗಾಂಬಿಕೆಯವರು ಕೈ ಚಾಚಿದರು.

‘ಅವ್ರು ಒಳಗೆ ಬರೋ ಹಾಗಿಲ್ಲ ಮೇಡಂ,’ ಅಂದರು ಸೋಮಶೇಖರ್. ‘ಸೇವಾ ಪುಸ್ತಕದಲ್ಲಿ ಪುರುಷ ಅಂತಿದೆ.’

‘ಬ್ಯಾಟ್ರಿ ಸಾರ್ ಅದು.’

ಸಂಗಮೇಶ್ ಮುಜುಗರದಿಂದ ಕೆಮ್ಮಿದರು. ‘ಸರ್ವೀಸಲ್ಲಿರೋರ್ನ ಅದು ಇದು ಅನ್ಬಾರ್ದು ಮೇಡಂ,’ ಅಂದರು.

ಗಂಗಾಂಬಿಕೆಯವರು ಲಕ್ಷ್ಮೀಕಾಂತ್ ಅವರ ಕೈಯಿಂದ ಟವೆಲಿನ ಸಮೇತ ಕಿತ್ತುಕೊಂಡು ಒಳಗೆ ನಡೆದರು. ನಾವು ಯಾರೂ ಹಿಂದೆ ಹೋಗುವಂತಿರಲಿಲ್ಲ, ನಾವೂ ಪುರುಷರೇ. ಮುಂದೆ ನಡೆದದ್ದನ್ನು ಗಂಗಾಂಬಿಕೆಯವರೇ ನನಗೆ ಹೇಳಿದರು. ಬಚ್ಚಲುಮನೆಯ ಬಾಗಿಲಲ್ಲಿ ಇಂಪನಾ ಸೋಪು, ಬಟ್ಟೆ ಹಿಡಿದು ನಿಂತಿದ್ದಳಂತೆ. ಊರಿನ ಧೂಳು ಇನ್ನೂ ಮೈಮೇಲಿತ್ತು. ಗಂಗಾಂಬಿಕೆಯವರು ಟವೆಲು ಬಿಚ್ಚಿ, ಬ್ಯಾಟರಿಯನ್ನು ಮಷಿನ್ನಿಗೆ ಸಿಕ್ಕಿಸಲು ಹೋದರು. ಗುಂಡಿಗೆ ಕೈ ತಾಗಿ ಮೂರೂ ಹಸಿರು ದೀಪ ಹತ್ತಿಕೊಂಡವು.

‘ಇವ್ರೇನಾ ಮಿಸ್, ಬ್ಯಾಟರಾಯಪ್ಪನವ್ರು?’ ಎಂದು ಇಂಪನಾ ಕೇಳಿದಳು.

ಹೂಂ ಎಂದರು ಗಂಗಾಂಬಿಕೆಯವರು.

ಹುಡುಗಿ ದುಪಟ್ಟಾ ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿದಳು. ‘ಅವ್ರನ್ನ ಆಚೆ ಕೂರ್ಸಿ ಮಿಸ್. ನಾನ್ ಸ್ನಾನಕ್ಕೆ ಹೋಗ್ಬೇಕು.’

ಗಂಗಾಂಬಿಕೆಯವರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರಂತೆ. ಆಮೇಲೆ ಬ್ಯಾಟರಾಯಪ್ಪನವರಿಗೆ ಟವೆಲು ಹೊದಿಸಿ, ಗೇಟಿಗೆ ತಂದು, ಕಲ್ಲುಬೆಂಚಿನ ಮೇಲೆ ಸೋಮಶೇಖರ್ ಅವರ ಪಕ್ಕ ಕೂರಿಸಿದರು. ವಾಪಸು ಹೋಗಿ ಬಚ್ಚಲುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ಗೇಟಿನವರೆಗೂ ಕೇಳಿಸಿತು.

ಸಂಜೆ ನಾನು ಪ್ರಕಟಣೆ ಕೊಟ್ಟೆ: ‘ಗುಬ್ಬಿ ಬಾಲಕಿಯರ ವಿದ್ಯಾರ್ಥಿನಿಲಯದ ಬಚ್ಚಲುಮನೆಯ ಚಿಲಕದ ಹೆಚ್ಚುವರಿ ಪ್ರಭಾರವನ್ನು ಮುಂದಿನ ಆದೇಶದವರೆಗೆ ವಾರ್ಡನ್ ಶ್ರೀಮತಿ ಗಂಗಾಂಬಿಕೆ ಇವರಿಗೆ ವಹಿಸಲಾಗಿದೆ. ಇವರು ಯಾವುದೇ ತಕರಾರಿಲ್ಲದೆ ಅಂದೇ ಚಾರ್ಜ್ ತೆಗೆದುಕೊಂಡಿರುತ್ತಾರೆ.’